ತೊಡೆಸಂದಿನ ಹರ್ನಿಯಾ ಲ್ಯಾಪ್ರೋಸ್ಕೋಪಿಯಲ್ಲಿ ಅಂಟಿನ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದಲೂ ಹರ್ನಿಯಾ ತೋರಿಸಲು ಬರುವವರು, ಅದಕ್ಕಿಂತ ಹೆಚ್ಚಾಗಿ ಅವರ ಜತೆಗೆ ಬಂದ ಮನೆಯವರು, ಕೇಳುವ ಪ್ರಶ್ನೆಗಳು ಇವು. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವ ಐದು ಹತ್ತು ನಿಮಿಷಗಳಲ್ಲಿ ಶಸ್ತ್ರಚಿಕಿತ್ಸಕನಾದ ನನಗೆ ಪೂರ್ತಿ ಹೇಳಲಾಗದ ಉತ್ತರಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರ ಮಾತಿಗೆ ಇದು ಬದಲಿಯಲ್ಲ; ಅವರೊಡನೆ ಮಾತಿಗೆ ಕೂರುವ ಮೊದಲು ಓದಿಕೊಳ್ಳಲು ಮಾತ್ರ.

ತೊಡೆಸಂದಿನ ಹರ್ನಿಯಾ ಎಂದರೆ ನಿಜವಾಗಿ ಏನಾಗಿರುತ್ತದೆ?

ಗಂಡಸರಲ್ಲಿ ಬೀಜಕ್ಕೆ ಹೋಗುವ ರಕ್ತನಾಳಗಳೂ ವೀರ್ಯನಾಳವೂ ಹೊಟ್ಟೆಯ ಸ್ನಾಯುಗೋಡೆಯನ್ನು ತೂರಿಕೊಂಡು ತೊಡೆಸಂದಿಗೆ ಇಳಿಯುವುದರಿಂದ ಅಲ್ಲಿ ಹುಟ್ಟಿನಿಂದಲೇ ಒಂದು ಸಡಿಲ ಜಾಗ ಉಳಿದಿರುತ್ತದೆ. ಆ ದಾರಿ ಅಗಲವಾದಾಗ ಅಥವಾ ಅದರ ಪಕ್ಕದ ಗೋಡೆ ವಯಸ್ಸಿನೊಂದಿಗೆ ತೆಳುವಾದಾಗ ಕರುಳೋ ಅದರ ಮೇಲಿನ ಕೊಬ್ಬಿನ ಸೆರಗೋ ಹೊಟ್ಟೆಯ ಒಳಪೊರೆಯನ್ನೇ ಚೀಲದಂತೆ ಹೊತ್ತುಕೊಂಡು ಹೊರಕ್ಕೆ ನುಗ್ಗುತ್ತದೆ. ನಿಂತಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಉಬ್ಬು ಕಾಣುತ್ತದೆ, ಮಲಗಿದರೆ ಒಳಕ್ಕೆ ಸರಿಯುತ್ತದೆ. ಗಂಡಸರಲ್ಲಿ ಜೀವಮಾನದಲ್ಲಿ ಸುಮಾರು ಶೇ 27 ಮಂದಿಗೆ, ಹೆಂಗಸರಲ್ಲಿ ಸುಮಾರು ಶೇ 3 ಮಂದಿಗೆ ಇದು ಬರುತ್ತದೆ ಎಂಬ ಲೆಕ್ಕವಿದೆ. ಆದ್ದರಿಂದ ಮುಚ್ಚಿಟ್ಟುಕೊಳ್ಳಬೇಕಾದ ರೋಗವೇನೂ ಅಲ್ಲ. ಹಿರಿಯರು ಇದನ್ನು ಅಂಡವಾಯು ಎನ್ನುವುದುಂಟು, ಆದರೆ ಬೀಜದ ಸುತ್ತ ನೀರು ತುಂಬುವ ಹೈಡ್ರೋಸಿಲಿಗೂ ಅದೇ ಹೆಸರು ಬಳಸುವ ರೂಢಿ ಇರುವುದರಿಂದ, ಹೆಸರು ಕೇಳಿ ತೀರ್ಮಾನಕ್ಕೆ ಬರುವ ಬದಲು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಲೇಪ, ಕಷಾಯ, ಮಾತ್ರೆಗಳಿಂದ ಈ ದಾರಿ ಮುಚ್ಚುವುದಿಲ್ಲ.

ಹಾಗಾದರೆ ಆ ತೂತನ್ನು ಅಂಟು ಹಾಕಿ ಮುಚ್ಚುತ್ತೀರಾ?

ಇಲ್ಲ. ಅತಿ ಹೆಚ್ಚು ಕೇಳಿಬರುವ ತಪ್ಪು ತಿಳಿವಳಿಕೆ ಇದೇ. ಕಾರವಾರದ ಬೈತಖೋಲ್ ಬಂದರಿನಲ್ಲಿ ದುಡಿಯುವ ಒಬ್ಬ ಹಿರಿಯ ಮೀನುಗಾರರು ನನ್ನ ಮೇಜಿನ ಮೇಲಿದ್ದ ಜಾಲರಿಯ ತುಂಡನ್ನು ಬೆರಳಿನಲ್ಲಿ ಎಳೆದು, ಕಣ್ಣು ಎಷ್ಟು ಸಣ್ಣದೆಂದು ಬೆಳಕಿಗೆ ಹಿಡಿದು ನೋಡಿ, "ಬಲೆ ಹರಿದ್ರೆ ನಾವು ಗಂಟು ಹಾಕಿ ನೇಯ್ತೇವೆ ಡಾಕ್ಟ್ರೇ, ನೀವು ಅಂಟು ಹಾಕಿದ್ರೆ ನಿಲ್ತದಾ?" ಎಂದು ಕೇಳಿದ್ದರು. ಅವರ ಪ್ರಶ್ನೆಯಲ್ಲೇ ಅರ್ಧ ಉತ್ತರವಿತ್ತು. ತಡೆಯುವ ಕೆಲಸ ಬಲೆಯದು, ಅಂಟಿನದಲ್ಲ.

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನಿಂದ ಹೆಣೆದ, ಸಾಮಾನ್ಯವಾಗಿ 10 ಸೆಂಟಿಮೀಟರ್ ಅಗಲ ಮತ್ತು 15 ಸೆಂಟಿಮೀಟರ್ ಉದ್ದದ ಜಾಲರಿಯನ್ನು, ಅಂದರೆ ಎಲ್ಲರೂ ಮೆಶ್ ಎನ್ನುವ ವಸ್ತುವನ್ನು, ಹರ್ನಿಯಾದ ದಾರಿಗೆ ಒಳಗಿನಿಂದ ಅಡ್ಡವಾಗಿ ಹಾಸುತ್ತೇವೆ. ಹೊಟ್ಟೆಯೊಳಗಿನ ಒತ್ತಡ ಕರುಳನ್ನು ಹೊರಕ್ಕೆ ತಳ್ಳುತ್ತಿತ್ತಲ್ಲ, ಅದೇ ಒತ್ತಡ ಈಗ ಜಾಲರಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಮುಂದಿನ ದಿನಗಳಲ್ಲಿ ಜಾಲರಿಯ ಕಣ್ಣುಗಳ ಮೂಲಕ ದೇಹದ್ದೇ ನಾರು ಬೆಳೆದು ಅದನ್ನು ಗೋಡೆಯ ಭಾಗವಾಗಿಸಿಕೊಳ್ಳುತ್ತದೆ. ಹಾಸಿದ ಗಳಿಗೆಯಿಂದ ನಾರು ಹಿಡಿಯುವವರೆಗಿನ ಆ ಕೆಲವು ದಿನ ಜಾಲರಿ ಮಡಚದೆ, ಜಾರದೆ ಇರಬೇಕು. ಅಂಟಿನ ಕೆಲಸ ಅಷ್ಟೇ ಅವಧಿಯದು.

ಅಂಟು ಬರುವ ಮೊದಲು ಜಾಲರಿಯನ್ನು ಹೇಗೆ ನಿಲ್ಲಿಸುತ್ತಿದ್ದರು? ಅದನ್ನು ಬಿಟ್ಟು ಅಂಟಿಗೆ ಏಕೆ ಬಂದರು?

ಇಟಲಿಯ ಬಾಸಿನಿ 1887ರಲ್ಲಿ ತನ್ನ ವಿಧಾನವನ್ನು ಮುಂದಿಟ್ಟಾಗಿನಿಂದ ಸುಮಾರು ನೂರು ವರ್ಷ ಹರ್ನಿಯಾ ಆಪರೇಷನ್ ಎಂದರೆ ಸಡಿಲಾದ ಸ್ನಾಯುಗಳನ್ನು ಎಳೆದು ಹೊಲಿಯುವುದೇ ಆಗಿತ್ತು. 1980ರ ದಶಕದಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್ ಮತ್ತವರ ಸಹೋದ್ಯೋಗಿಗಳು ಎಳೆತವೇ ಇಲ್ಲದೆ ಜಾಲರಿ ಹಾಕುವ ಪದ್ಧತಿಯನ್ನು ರೂಢಿಗೆ ತಂದರು. 1990ರ ದಶಕದ ಆರಂಭದಲ್ಲಿ ಅದೇ ಜಾಲರಿಯನ್ನು ಲ್ಯಾಪ್ರೋಸ್ಕೋಪ್ ಮೂಲಕ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಕೊಳವೆ ಇಳಿಸಿ ಪರದೆಯಲ್ಲಿ ನೋಡುತ್ತ, ಒಳಗಿನಿಂದ ಇಡುವ ಎರಡು ದಾರಿಗಳು ಬಂದವು: ಹೊಟ್ಟೆಯೊಳಗೆ ಹೋಗಿ ಒಳಪೊರೆಯನ್ನು ಬಿಡಿಸಿ ಅದರ ಹಿಂದೆ ಜಾಲರಿ ಇಡುವ ಟ್ಯಾಪ್, ಮತ್ತು ಹೊಟ್ಟೆಯೊಳಗೆ ಹೋಗದೆ ಒಳಪೊರೆಗೂ ಸ್ನಾಯುವಿಗೂ ನಡುವೆಯೇ ಜಾಗ ಮಾಡಿಕೊಳ್ಳುವ ಟೆಪ್.

ಇಷ್ಟು ಆಳದಲ್ಲಿ ಸೂಜಿದಾರ ಆಡಿಸುವುದು ತ್ರಾಸದ ಕೆಲಸವಾದ್ದರಿಂದ ಟ್ಯಾಕರ್ ಎಂಬ ಸಾಧನ ಬಳಕೆಗೆ ಬಂತು. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ, ಕೆಲವೇ ಮಿಲಿಮೀಟರ್ ಉದ್ದದ ಟೈಟಾನಿಯಂ ಮೊಳೆಗಳನ್ನು ಅದು ಜಾಲರಿಯ ಮೂಲಕ ಗೋಡೆಗೆ ತಿರುಗಿಸಿ ಇಳಿಸುತ್ತದೆ. ಕಾಲಕ್ರಮದಲ್ಲಿ ಕರಗುವ ಮೊಳೆಗಳೂ ಆಮೇಲೆ ಬಂದವು. ಹಿಡಿತ ಗಟ್ಟಿ, ಕೆಲಸ ಬೇಗ. ಆದರೆ ತೊಡೆಸಂದಿನ ಒಳಭಾಗ ಮೊಳೆ ಹೊಡೆಯಲು ತಕ್ಕ ಜಾಗವಲ್ಲ. ಬೀಜದ ರಕ್ತನಾಳಗಳ ಹೊರಮಗ್ಗುಲಿಗೆ, ಇಲಿಯೊಪ್ಯೂಬಿಕ್ ಪಟ್ಟಿ ಎಂಬ ನಾರಿನ ಅಂಚಿನ ಕೆಳಗೆ, ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ನರ, ಜೆನಿಟೋಫೆಮೊರಲ್ ನರದ ಕವಲು ಮತ್ತು ತೊಡೆಯ ದೊಡ್ಡ ನರ ಸಾಗುತ್ತವೆ. ಶಸ್ತ್ರಚಿಕಿತ್ಸಕರು ಆ ಜಾಗವನ್ನು ನೋವಿನ ತ್ರಿಕೋನ ಎಂದೇ ಕರೆಯುತ್ತಾರೆ. ಅದರ ಪಕ್ಕದಲ್ಲೇ, ವೀರ್ಯನಾಳಕ್ಕೂ ಬೀಜದ ರಕ್ತನಾಳಗಳಿಗೂ ನಡುವೆ, ಕಾಲಿಗೆ ರಕ್ತ ಒಯ್ಯುವ ಮುಖ್ಯ ನಾಳಗಳಿರುವ ಗಂಡಾಂತರದ ತ್ರಿಕೋನವಿದೆ. ಇವೆರಡರಲ್ಲೂ ಮೊಳೆ ಇಳಿಸುವಂತಿಲ್ಲ. ನರಕ್ಕೆ ಮೊಳೆ ತಾಗಿದರೆ ತೊಡೆಯಲ್ಲಿ ಬೆಂಕಿ ಸವರಿದಂಥ ಉರಿ, ಜೋಮು, ಬಗ್ಗಿದಾಗ ಚುಚ್ಚುವ ನೋವು ತಿಂಗಳುಗಟ್ಟಲೆ ಉಳಿಯಬಹುದು, ಕೆಲವೊಮ್ಮೆ ಮೊಳೆ ತೆಗೆಯಲು ಇನ್ನೊಂದು ಆಪರೇಷನ್ನೇ ಬೇಕಾಗಬಹುದು. ಚುಚ್ಚದೆ ಹಿಡಿದು ನಿಲ್ಲಿಸುವ ದಾರಿ ಬೇಕೆಂಬ ಹುಡುಕಾಟ ಅಂಟಿಗೆ ಬಂದು ನಿಂತದ್ದು ಇದರಿಂದ.

ಈ ಅಂಟುಗಳಲ್ಲಿ ಎಷ್ಟು ಬಗೆ ಇವೆ?

ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು. ಮೊದಲನೆಯದು ಫೈಬ್ರಿನ್ ಅಂಟು. ಗಾಯವಾದಾಗ ನಮ್ಮ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವನ್ನೇ ಇದು ಅನುಸರಿಸುತ್ತದೆ: ಒಂದು ಸಿರಿಂಜಿನಲ್ಲಿ ಫೈಬ್ರಿನೋಜನ್, ಇನ್ನೊಂದರಲ್ಲಿ ಥ್ರಾಂಬಿನ್ ಮತ್ತು ಕ್ಯಾಲ್ಸಿಯಂ. ಎರಡೂ ಒಂದೇ ಮೂತಿಯಲ್ಲಿ ಸೇರಿ ಹೊರಬಂದಾಗ ಮೆದುವಾದ ಹೆಪ್ಪು ಕಟ್ಟಿ ಜಾಲರಿಯನ್ನು ಹಿಡಿದುಕೊಳ್ಳುತ್ತದೆ. ಸುಮಾರು ಎರಡು ವಾರದಲ್ಲಿ ದೇಹ ಅದನ್ನು ಕರಗಿಸಿಬಿಡುತ್ತದೆ. ಇದರ ಮುಖ್ಯ ಅಂಶಗಳನ್ನು ದಾನಿಗಳ ಪ್ಲಾಸ್ಮಾದಿಂದ ತೆಗೆದು, ವೈರಾಣುಗಳನ್ನು ನಿಷ್ಕ್ರಿಯಗೊಳಿಸುವ ಹಂತಗಳನ್ನು ದಾಟಿಸಿ ತಯಾರಿಸುತ್ತಾರೆ.

ಎರಡನೆಯದು ಸೈನೊಅಕ್ರಿಲೇಟ್. ಇದು ಪೂರ್ತಿ ಕೃತಕ. ತೇವ ತಾಗಿದೊಡನೆ ದ್ರವದ ಕಣಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಕೊಂಡು ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ, ಆಗ ಸ್ವಲ್ಪ ಬಿಸಿಯೂ ಹುಟ್ಟುತ್ತದೆ. ಹಿಡಿತ ಫೈಬ್ರಿನ್ನಿಗಿಂತ ಗಟ್ಟಿ, ಬೆಲೆ ಸಾಮಾನ್ಯವಾಗಿ ಕಡಿಮೆ. ಆದರೆ ಗಟ್ಟಿಯಾದ ಮೇಲೆ ಅದು ಬಾಗದ ಗಡಸು ಪದರವಾಗುತ್ತದೆ, ಕರಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮತ್ತು ಜಾಲರಿಯ ಮೇಲೆ ಬಳಿದಂತೆ ಹರಡಿಬಿಟ್ಟರೆ ಕಣ್ಣುಗಳು ಮುಚ್ಚಿ ನಾರು ಬೆಳೆಯುವುದಕ್ಕೇ ಅಡ್ಡಿಯಾಗುತ್ತದೆ. ಹಲಸಿನ ಹಣ್ಣು ಬಿಡಿಸಿದವರಿಗೆ ಮೇಣದ ಸ್ವಭಾವ ಗೊತ್ತು: ಬೇಕಾದ ಕಡೆಗಿಂತ ಬೇಡವಾದ ಕಡೆ ಬೇಗ ಹಿಡಿಯುತ್ತದೆ. ಈ ಅಂಟಿನದ್ದೂ ಅದೇ ಸ್ವಭಾವವಾದ್ದರಿಂದ ಇಲ್ಲಿ ಹನಿಗೆ ಬೆಲೆ, ಧಾರೆಗಲ್ಲ.

ಇದು ಫೆವಿಕ್ವಿಕ್ ತಾನೇ?

ಮನೆತನ ಒಂದೇ, ವಸ್ತು ಒಂದೇ ಅಲ್ಲ. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸೈನೊಅಕ್ರಿಲೇಟುಗಳು ಕೈಗೆ ಸಿಕ್ಕವು; ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವುದರಿಂದ ಆಗ ಅವನ್ನು ಬದಿಗಿಟ್ಟರು. ಅವು ಅಂಟಿನ ರೂಪದಲ್ಲಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತಸ್ರಾವ ತಡೆಯಲು ಇವನ್ನು ಸಿಂಪಡಿಸಿದ್ದೂ ಉಂಟು. ಅಂಗಡಿಯಲ್ಲಿ ಸಿಗುವ ಅಂಟಿನಲ್ಲಿರುವುದು ಈಥೈಲ್ ಬಗೆ. ಅದು ದೇಹದೊಳಗೆ ಬೇಗ ಒಡೆದು ಫಾರ್ಮಾಲ್ಡಿಹೈಡ್ ಮೊದಲಾದ ಕೆರಳಿಸುವ ವಸ್ತುಗಳನ್ನು ಬಿಡುತ್ತದೆ, ಅದನ್ನು ಕ್ರಿಮಿಶುದ್ಧ ಮಾಡಿಯೂ ಇರುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವುದು ಬ್ಯುಟೈಲ್, ಹೆಕ್ಸೈಲ್, ಆಕ್ಟೈಲ್ ಬಗೆಗಳನ್ನು. ಇವುಗಳ ಸರಪಳಿ ಉದ್ದವಾದ್ದರಿಂದ ನಿಧಾನವಾಗಿ ಒಡೆಯುತ್ತವೆ, ದೇಹ ಅದನ್ನು ತಾಳಿಕೊಳ್ಳುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಬೆರಳು ಕೊಯ್ದುಕೊಂಡು, ಮೇಲೆ ಅಂಗಡಿಯ ಅಂಟು ಹಚ್ಚಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಕೊಳೆ ಮುಚ್ಚಿಕೊಂಡು ಕೀವಾದರೆ ಅದನ್ನು ಬಿಡಿಸುವುದೇ ದೊಡ್ಡ ಕೆಲಸ.

ಆಪರೇಷನ್ ಕೋಣೆಯಲ್ಲಿ ಇದನ್ನು ಹಾಕುವ ಕ್ರಮ ಹೇಗೆ?

ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಹೊಕ್ಕುಳ ಬಳಿ ಸುಮಾರು 10 ಮಿಲಿಮೀಟರಿನ ಒಂದು ತೂತು, 5 ಮಿಲಿಮೀಟರಿನ ಎರಡು ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಜಾಗ ಉಬ್ಬಿಸಿ, ಹರ್ನಿಯಾದ ಚೀಲವನ್ನು ಬೀಜದ ನಾಳಗಳಿಂದ ಬಿಡಿಸಿ ಒಳಕ್ಕೆ ಎಳೆದುಕೊಳ್ಳುತ್ತೇವೆ. ಹೆಚ್ಚಿನ ಸಮಯ ಹಿಡಿಯುವುದು ಈ ಬಿಡಿಸುವ ಕೆಲಸಕ್ಕೆ. ಆಮೇಲೆ ಚಾಪೆಯಂತೆ ಸುತ್ತಿದ ಜಾಲರಿಯನ್ನು ದೊಡ್ಡ ತೂತಿನಿಂದ ಇಳಿಸಿ ಒಳಗೆ ಬಿಚ್ಚುತ್ತೇವೆ.

ಪರದೆಯ ಮೇಲೆ ಆಗ ಕಾಣುವುದು ಹೀಗಿರುತ್ತದೆ. ನಡುವಿನ ಕಡೆ, ಜಘನದ ಎಲುಬಿನ ಮೇಲೆ, ಕೂಪರ್ ಪಟ್ಟಿ ಎಂಬ ಬಿಳಿಯ ಹೊಳಪಿನ ಗಟ್ಟಿ ಅಂಚು. ಮೇಲೆ ಕೆಂಪು ಸ್ನಾಯು. ಅದರ ಮೇಲೆ ಎದೆಬಡಿತಕ್ಕೆ ತಕ್ಕಂತೆ ಮಿಡಿಯುವ ಎಪಿಗ್ಯಾಸ್ಟ್ರಿಕ್ ರಕ್ತನಾಳ. ಬಿಳಿ ಜಾಲರಿ ಇವೆಲ್ಲದರ ಮೇಲೆ ತೆಳುವಾದ ಸೆರಗಿನಂತೆ ಬಿದ್ದಿರುತ್ತದೆ. ಸಪೂರ ಕೊಳವೆಯ ತುದಿಯನ್ನು ಕೂಪರ್ ಪಟ್ಟಿಯ ಹತ್ತಿರ ತಂದು ಒಂದು ಹನಿ ಬಿಟ್ಟು, ಇನ್ನೊಂದು ಕೈಯ ಸಾಧನದಿಂದ ಜಾಲರಿಯನ್ನು ಒತ್ತಿ ಕೆಲವು ಸೆಕೆಂಡು ಕಾಯಬೇಕು. ಕಾಣಲೆಂದೇ ಕೆಲವು ಅಂಟುಗಳಿಗೆ ನೀಲಿ ಬಣ್ಣ ಬೆರೆಸಿರುವುದರಿಂದ ಹನಿ ಜಾಲರಿಯ ಕಣ್ಣಿಗೆ ಇಳಿದು ಗೋಡೆಗೆ ತಾಗುವುದು ಗೊತ್ತಾಗುತ್ತದೆ. ಸಾಧನದ ತುದಿಯನ್ನು ಹನಿಯ ಮೇಲೆಯೇ ಇಟ್ಟರೆ ಅದೂ ಅಂಟಿಕೊಂಡು, ಬಿಡಿಸಲು ಹೋದಾಗ ಜಾಲರಿಯೇ ಎದ್ದುಬರುತ್ತದೆ. ಕಲಿಯುವ ಕಾಲದಲ್ಲಿ ನನಗೆ ಇದು ಆಗಿದೆ, ನನ್ನೊಡನೆ ಕಲಿತವರಿಗೂ ಆಗಿದೆ. ಬಳಿಕ ಸ್ನಾಯುವಿನ ಮೇಲೆ, ಹೊರಬದಿಯ ಮೇಲಂಚಿನಲ್ಲಿ ಹೀಗೆಯೇ ಕೆಲವು ಹನಿ. ನೋವಿನ ತ್ರಿಕೋನದಲ್ಲಿ ಫೈಬ್ರಿನ್ ಆದರೆ ಹಚ್ಚಬಹುದು. ಸೈನೊಅಕ್ರಿಲೇಟ್ ಆದರೆ ನರದ ನೇರ ಮೇಲೆ ಬೀಳದಂತೆ ನೋಡಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಚುಚ್ಚದಿದ್ದರೂ ಬಿಸಿ ಮತ್ತು ಗಡಸುತನ ಇದ್ದೇ ಇವೆ.

ಟ್ಯಾಪ್ ವಿಧಾನದಲ್ಲಿ ಬಿಡಿಸಿದ ಒಳಪೊರೆಯನ್ನು ಮತ್ತೆ ಹೊಲಿದು ಮುಚ್ಚಬೇಕು. ಇದಕ್ಕೂ ಅಂಟು ಬಳಸುವವರಿದ್ದಾರೆ. ಕೊನೆಗೆ ಅನಿಲವನ್ನು ನಿಧಾನವಾಗಿ ಬಿಡುತ್ತ, ಜಾಲರಿಯ ಕೆಳಅಂಚು ಸುರುಳಿಯಾಗದೆ ಒಳಪೊರೆಯ ಅಡಿ ಸರಿಯಾಗಿ ಕೂರುವುದನ್ನು ಕಣ್ಣಾರೆ ನೋಡಿ ಹೊರಬರುತ್ತೇವೆ.

ಆ ದಿನ ಬೆಳಿಗ್ಗೆ ಉಪವಾಸ ಇರಬೇಕೆನ್ನುತ್ತಾರೆ. ಕವಳ (ಎಲೆ ಅಡಿಕೆ) ಹಾಕಬಹುದೇ?

ಹಾಕುವಂತಿಲ್ಲ. ಗಟ್ಟಿ ಆಹಾರ ಬಿಟ್ಟು ಆರು ಗಂಟೆ, ಬರೀ ನೀರು ಬಿಟ್ಟು ಎರಡು ಗಂಟೆ ಆಗಿರಬೇಕೆಂಬುದು ಸಾಮಾನ್ಯ ನಿಯಮ, ನಿಮಗೆ ಹೇಳಿದ ಸಮಯವನ್ನು ಪಾಲಿಸಿ. ತಂಬಾಕು ಮತ್ತು ಬೀಡಿಯನ್ನು ಕೆಲವು ವಾರ ಮೊದಲೇ ಬಿಟ್ಟರೆ ಗಾಯ ಮಾಯುವುದಕ್ಕೂ ಕೆಮ್ಮು ತಗ್ಗುವುದಕ್ಕೂ ಒಳ್ಳೆಯದು.

ಎರಡು ವಾರದಲ್ಲಿ ಕರಗುವ ಅಂಟನ್ನು ನಂಬಿದರೆ ಹರ್ನಿಯಾ ಮರುಕಳಿಸುವುದಿಲ್ಲವೇ?

ಅಂಟು ಕರಗುವ ಹೊತ್ತಿಗೆ ನಾರು ಹಿಡಿದಿರುತ್ತದೆ. ಮೊದಲ ದಿನಗಳಲ್ಲೇ ಜಾಲರಿಯ ಕಣ್ಣುಗಳಲ್ಲಿ ಹೊಸ ಅಂಗಾಂಶ ಹುಟ್ಟತೊಡಗಿ, ಎರಡು ಮೂರು ವಾರದಲ್ಲಿ ಜಾಲರಿ ಜಾಗ ಬದಲಿಸಲಾಗದಷ್ಟು ಹಿಡಿದುಕೊಳ್ಳುತ್ತದೆ, ಬಳಿಕ ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಅಂಟು ಹಾಕಿದವರನ್ನೂ ಮೊಳೆ ಹಾಕಿದವರನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಮರುಕಳಿಸುವ ಪ್ರಮಾಣದಲ್ಲಿ ಎದ್ದು ಕಾಣುವ ವ್ಯತ್ಯಾಸ ಕಂಡುಬಂದಿಲ್ಲ.

ಮರುಕಳಿಸಿದ ಹರ್ನಿಯಾಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಬೇರೆ: ಜಾಲರಿ ಚಿಕ್ಕದಾಗಿತ್ತು, ಜಾಗ ಸಾಕಷ್ಟು ಬಿಡಿಸದೆ ಜಾಲರಿಯ ಅಂಚು ಮಡಚಿತ್ತು, ಅಥವಾ ನಾಳಗಳ ಜೊತೆಗೆ ಇಳಿದಿದ್ದ ಕೊಬ್ಬಿನ ಗಂಟು ಕಣ್ಣಿಗೆ ಬೀಳದೆ ಅಲ್ಲೇ ಉಳಿದಿತ್ತು. ಇಂಥ ಕೊರತೆಯನ್ನು ಅಂಟು ತುಂಬಿಕೊಡುವುದಿಲ್ಲ, ಮೊಳೆಯೂ ತುಂಬಿಕೊಡುವುದಿಲ್ಲ. ಆದ್ದರಿಂದ ವೈದ್ಯರನ್ನು ಆರಿಸುವಾಗ ಯಾವ ಅಂಟು ಬಳಸುತ್ತೀರಿ ಎಂಬುದಕ್ಕಿಂತ ಈ ಆಪರೇಷನ್ ನಿಮ್ಮಲ್ಲಿ ಎಷ್ಟು ನಡೆಯುತ್ತದೆ ಎಂದು ಕೇಳುವುದು ಉಪಯುಕ್ತ. ನಮಗೆ ಬೇಸರವಾಗುತ್ತದೆಂದು ಹೆದರಬೇಡಿ.

ಅಂಟೂ ಇಲ್ಲದೆ, ಮೊಳೆಯೂ ಇಲ್ಲದೆ ಜಾಲರಿಯನ್ನು ಬರಿದೇ ಇಟ್ಟು ಬರಬಹುದೇ?

ಎಷ್ಟೋ ರೋಗಿಗಳಲ್ಲಿ ಬರಬಹುದು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇದನ್ನೇ: ಟೆಪ್ ವಿಧಾನದಲ್ಲಿ ಬಹುತೇಕರಿಗೆ ಜಾಲರಿಯನ್ನು ಬಿಗಿಯುವ ಅಗತ್ಯವೇ ಇಲ್ಲ. ಆದರೆ ಗೋಡೆಯ ನಡುಭಾಗವೇ ಕುಸಿದು, ತೂತು 3 ಸೆಂಟಿಮೀಟರಿಗಿಂತ ದೊಡ್ಡದಾದ ನೇರ ಹರ್ನಿಯಾಗಳಲ್ಲಿ, ವಿಧಾನ ಟ್ಯಾಪ್ ಆಗಲಿ ಟೆಪ್ ಆಗಲಿ, ಜಾಲರಿ ಆ ಬಾಯಿಯೊಳಕ್ಕೇ ತಳ್ಳಿಕೊಂಡು ಹೋಗದಂತೆ ಬಿಗಿಯಬೇಕು. ಹೀಗಾಗಿ "ನನಗೆ ಅಂಟು ಹಾಕಲಿಲ್ಲವಂತೆ" ಎಂದು ಯಾರಾದರೂ ಬೇಸರಪಟ್ಟರೆ ಅದು ಕೊರತೆಯಾಗಿರಬೇಕಿಲ್ಲ. ಅವರ ಹರ್ನಿಯಾಕ್ಕೆ ಬೇಕಾಗಿರಲಿಲ್ಲ ಎಂದಷ್ಟೇ ಅರ್ಥವಿರಬಹುದು. ಸಣ್ಣ ಕೊಕ್ಕೆಗಳಿದ್ದು ತಾನಾಗಿಯೇ ಕಚ್ಚಿಕೊಳ್ಳುವ ಜಾಲರಿಗಳೂ ಈಗ ಇವೆ.

ಅಂಟು ಹಾಕಿದರೆ ನೋವೇ ಇರುವುದಿಲ್ಲವೇ?

ಹಾಗೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಮೊದಲ ಕೆಲವು ದಿನಗಳ ನೋವು ಮೊಳೆಗಿಂತ ಅಂಟಿನಲ್ಲಿ ಕಡಿಮೆ ಎಂಬುದು ಸಾಕಷ್ಟು ಸ್ಪಷ್ಟ. ಮೂರು ತಿಂಗಳು ದಾಟಿಯೂ ಉಳಿಯುವ ದೀರ್ಘಕಾಲದ ನೋವಿನ ಮಟ್ಟಿಗೆ ಹಲವು ಅಧ್ಯಯನಗಳು ಅಂಟಿನ ಕಡೆ ವಾಲುತ್ತವೆ, ಕೆಲವು ಎರಡೂ ಸಮವೆನ್ನುತ್ತವೆ. ಹರ್ನಿಯಾ ಆಪರೇಷನ್ ಆದವರಲ್ಲಿ ಒಟ್ಟಾರೆ ಶೇ 10ರಿಂದ 12ರಷ್ಟು ಮಂದಿಗೆ ಒಂದಿಷ್ಟು ದೀರ್ಘಕಾಲದ ನೋವು ಉಳಿಯುತ್ತದೆ, ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವು ಅದಕ್ಕಿಂತ ತೀರ ಕಡಿಮೆ ಜನರಲ್ಲಿ. ನರ ಕೆರಳುವುದಕ್ಕೆ ಮೊಳೆಯೊಂದೇ ಕಾರಣವಲ್ಲ. ಬಿಡಿಸುವಾಗ ಆದ ಎಳೆತ, ಜಾಲರಿಯ ಸುತ್ತ ಕಟ್ಟಿದ ಗಟ್ಟಿ ನಾರು ಕಾರಣವಾಗಬಹುದು; ಆಪರೇಷನ್ನಿಗೆ ಮೊದಲೇ ಬಹಳ ನೋವಿದ್ದವರಲ್ಲಿ, ಕಡಿಮೆ ವಯಸ್ಸಿನವರಲ್ಲಿ ಇದು ಹೆಚ್ಚು.

ಯಾರಿಗೆ ಈ ಅಂಟು ಸಲ್ಲದು? ಇದರಲ್ಲಿ ಪ್ರಾಣಿಜನ್ಯ ವಸ್ತು ಇರುತ್ತದೆಯೇ?

ಸೈನೊಅಕ್ರಿಲೇಟ್ ಅಥವಾ ಫಾರ್ಮಾಲ್ಡಿಹೈಡ್ ಅಲರ್ಜಿ ಇರುವವರಿಗೆ ಸೈನೊಅಕ್ರಿಲೇಟ್ ಬಗೆ ಬೇಡ. ಕೃತಕ ಉಗುರು ಅಂಟಿಸಿಕೊಂಡಾಗ ಚರ್ಮ ಕೆಂಪಾಗಿ ತುರಿಕೆ ಎದ್ದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಫೈಬ್ರಿನ್ ಅಂಟಿನಲ್ಲಿ ಮನುಷ್ಯರ ಪ್ಲಾಸ್ಮಾದ ಅಂಶವಿರುತ್ತದೆ. ಅದು ಬೇಗ ಕರಗದಿರಲೆಂದು ಕೆಲವು ತಯಾರಿಕೆಗಳಿಗೆ ಸೇರಿಸುವ ಅಪ್ರೊಟಿನಿನ್ ಎಂಬ ವಸ್ತುವನ್ನು ಮೂಲತಃ ದನದ ಶ್ವಾಸಕೋಶದಿಂದ ತೆಗೆಯುತ್ತಿದ್ದರು, ಈಗ ಕೃತಕವಾಗಿ ತಯಾರಿಸಿದ್ದೂ ಬಳಕೆಯಲ್ಲಿದೆ. ಈ ವಿಷಯ ಶಿರಸಿ ಕಡೆಯ ಸಸ್ಯಾಹಾರಿ ಕುಟುಂಬಗಳಿಂದ ಹಲವು ಬಾರಿ ಬಂದಿದೆ, ಕೇಳಲು ಸಂಕೋಚಪಡುವವರೇ ಹೆಚ್ಚು. ನಂಬಿಕೆಗೆ ಸಂಬಂಧಿಸಿದ ಆಕ್ಷೇಪವಿದ್ದರೆ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ಹೇಳಿ, ಬೇರೆ ದಾರಿಗಳಿವೆ. ಇವೆರಡೂ ಅಂಟುಗಳು ರಕ್ತನಾಳದೊಳಗೆ ಹೋಗಬಾರದು. ಫೈಬ್ರಿನ್ನನ್ನು ಅನಿಲದ ಒತ್ತಡದಿಂದ ಸಿಂಪಡಿಸುವಾಗ ಒತ್ತಡ ಮಿತಿ ಮೀರಿದರೆ ಅಥವಾ ಮೂತಿ ತೀರ ಹತ್ತಿರವಾದರೆ ಅನಿಲ ರಕ್ತಕ್ಕೆ ಸೇರುವ ಅಪಾಯವಿದೆ. ಇದನ್ನು ನೋಡಿಕೊಳ್ಳುವುದು ನಮ್ಮ ಹೊಣೆ.

ಹೆಂಗಸರಿಗೂ ಇದೇ ವಿಧಾನವೇ?

ಹೌದು, ಮತ್ತು ಲ್ಯಾಪ್ರೋಸ್ಕೋಪಿಯೇ ಅವರಿಗೆ ಹೆಚ್ಚು ಸೂಕ್ತ. ತೊಡೆಯ ರಕ್ತನಾಳದ ಪಕ್ಕದಲ್ಲಿ ಬರುವ ಫೆಮೊರಲ್ ಹರ್ನಿಯಾ ಹೆಂಗಸರಲ್ಲಿ ಹೆಚ್ಚು, ಹೊರಗಿನಿಂದ ಅದನ್ನು ಗುರುತಿಸುವುದು ಕಷ್ಟ, ಕರುಳು ಸಿಕ್ಕಿಕೊಳ್ಳುವ ಅಪಾಯವೂ ಜಾಸ್ತಿ. ಒಳಗಿನಿಂದ ನೋಡಿದರೆ ಎರಡೂ ಜಾಗ ಕಣ್ಣೆದುರೇ ಇರುತ್ತವೆ, ಒಂದೇ ಜಾಲರಿ ಎರಡನ್ನೂ ಮುಚ್ಚುತ್ತದೆ.

ಕಾರವಾರ ಅಥವಾ ಶಿರಸಿಯಲ್ಲೇ ಮಾಡಿಸಿಕೊಳ್ಳಬಹುದೇ? ಖರ್ಚಿಗೆ ಸರ್ಕಾರದ ನೆರವು ಇದೆಯೇ?

ಹರ್ನಿಯಾ ಆಪರೇಷನ್ನಿಗಾಗಿ ಎಲ್ಲರೂ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯಬೇಕಿಲ್ಲ. ಕಾರವಾರದಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಖಾಸಗಿಯವರೂ ಇದ್ದಾರೆ. ನಿಮಗೆ ಬೇಕಾದ ವಾರ ಲ್ಯಾಪ್ರೋಸ್ಕೋಪಿ ಮತ್ತು ಅಂಟು ಎರಡೂ ಲಭ್ಯವೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಫೈಬ್ರಿನ್ ಅಂಟಿನ ಕೆಲವು ಬಗೆಗಳನ್ನು ಹೆಪ್ಪುಗಟ್ಟಿಸಿ ಇಡಬೇಕು, ಬಳಸುವ ಮುನ್ನ ಕರಗಿಸಲು ಸಮಯ ಬೇಕು. ಆಷಾಢದ ಗಾಳಿಮಳೆಗೆ ಮರ ಬಿದ್ದು ಗಂಟೆಗಟ್ಟಲೆ ವಿದ್ಯುತ್ ಹೋಗುವ ಕಡೆ ಅದನ್ನು ದಾಸ್ತಾನು ಇಟ್ಟುಕೊಳ್ಳುವುದು ಸುಲಭವಲ್ಲ. ಸಣ್ಣ ಊರುಗಳಲ್ಲಿ ಸೈನೊಅಕ್ರಿಲೇಟ್ ಹೆಚ್ಚು ಅನುಕೂಲವಾಗುವುದಕ್ಕೆ ಬೆಲೆಯ ಜೊತೆಗೆ ಇದೂ ಒಂದು ಕಾರಣ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಭಾಗ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಿಗುತ್ತದೆ. ಸಹಕಾರಿ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ಮನೆಗೊಂದು ಸೊಸೈಟಿ ಪಾಸ್‌ಬುಕ್ ಇರುವ ಘಟ್ಟದ ಮೇಲಿನವರು ಇದನ್ನು ಮರೆಯಬಾರದು. ಇಂಥ ಯೋಜನೆಗಳಲ್ಲಿ ಆಪರೇಷನ್ನಿಗೆ ಒಟ್ಟು ದರ ಗೊತ್ತುಪಡಿಸಿರುತ್ತಾರೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ, ಅಂಟಿನ ಖರ್ಚು ಆ ದರದಲ್ಲೇ ಸೇರಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ಕೆಲಸಕ್ಕೆ ಯಾವಾಗ ಹೋಗಬಹುದು?

ಅದೇ ದಿನ ಸಂಜೆ ಎದ್ದು ಓಡಾಡಬೇಕು. ಕುಳಿತು ಮಾಡುವ ಕೆಲಸಕ್ಕೆ ಒಂದು ವಾರದೊಳಗೆ ಹೋಗುವವರೇ ಹೆಚ್ಚು. ನಡಿಗೆ, ಮೆಟ್ಟಿಲು ಹತ್ತುವುದಕ್ಕೆ ತಡೆಯಿಲ್ಲ. ಬೈಕನ್ನು ನೋವಿಲ್ಲದೆ ಥಟ್ಟನೆ ಬ್ರೇಕ್ ಒತ್ತಲು ಆಗುವವರೆಗೆ ಮುಟ್ಟಬೇಡಿ. ದೇವಿಮನೆ ಅಥವಾ ಅರಬೈಲ್ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಮನೆಗೆ ಹೋಗುವವರು ಹಿಂದಿನ ಸೀಟು ಬಿಟ್ಟು, ಕೆಮ್ಮು ಬಂದಾಗ ಒತ್ತಿಹಿಡಿಯಲು ಒಂದು ದಿಂಬು ಇಟ್ಟುಕೊಂಡರೆ ಹಿತ. ಜಾಲರಿ ಏನೂ ಜಾರುವುದಿಲ್ಲ, ಹೊಸ ಗಾಯ ಕುಲುಕಿದರೆ ನೋಯುತ್ತದೆ ಅಷ್ಟೇ.

ಭಾರದ ಕೆಲಸಕ್ಕೆ ಎರಡು ಮೂರು ವಾರದ ವಿರಾಮ ಸಾಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಆರು ತಿಂಗಳು ಕೊಡ ಎತ್ತಬಾರದು ಎಂಬ ಹಳೆಯ ಮಾತಿಗೆ ಈಗ ಆಧಾರವಿಲ್ಲ. ಆದರೂ ನಮ್ಮ ಕಡೆಯ ಭಾರಗಳ ಲೆಕ್ಕ ಬೇರೆ. ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆ, ಸೊಪ್ಪಿನ ಬೆಟ್ಟದಿಂದ ತಲೆಯ ಮೇಲೆ ಬರುವ ಹೊರೆ, ಅಡಿಕೆ ಕೊನೆ ಕೊಯ್ಯಲು ಮರ ತಬ್ಬಿ ಮೇಲೇರುವ ಕೊನೆಗೌಡರ ಕೆಲಸ, ಇವಕ್ಕೆ ನಾನು ನಾಲ್ಕರಿಂದ ಆರು ವಾರ ಕಾಯಲು ಹೇಳುತ್ತೇನೆ. ಇದು ಯಾವ ಮಾರ್ಗಸೂಚಿಯಲ್ಲೂ ಇರುವ ಮಾತಲ್ಲ, ನನ್ನ ಎಚ್ಚರಿಕೆ. ಯಾಂತ್ರಿಕ ದೋಣಿಯವರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಮೊದಲ ವಾರದಲ್ಲಿ ಆಪರೇಷನ್ ಮಾಡಿಸಿಕೊಂಡರೆ ಒಂದು ದಿನದ ದುಡಿಮೆಯೂ ಹೋಗುವುದಿಲ್ಲ. ತೋಟದವರಿಗೆ ಹಾಗಲ್ಲ: ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು, ಆಮೇಲೆ ಕೊನೆ ಕೊಯ್ಲು. ಅವರಿಗೆ ಬೇಸಿಗೆಯೇ ಬಿಡುವು.

ಮನೆಗೆ ಬಂದ ಮೇಲೆ ಅದೇ ಜಾಗದಲ್ಲಿ ಮತ್ತೆ ಊದಿದೆ. ಅಂಟು ಬಿಟ್ಟಿತೇ?

ಬಹುತೇಕ ಅದು ಸೆರೋಮಾ, ಅಂದರೆ ಹರ್ನಿಯಾ ಇದ್ದ ಖಾಲಿ ಜಾಗದಲ್ಲಿ ನಿಂತ ನೀರು. ಹರ್ನಿಯಾ ದೊಡ್ಡದಿದ್ದಷ್ಟೂ ಇದರ ಸಾಧ್ಯತೆ ಹೆಚ್ಚು. ಕೆಮ್ಮಿದಾಗ ತಳ್ಳಿಬರುವುದಿಲ್ಲ, ಮಲಗಿದರೆ ಒಳಗೆ ಹೋಗುವುದೂ ಇಲ್ಲ. ಆರರಿಂದ ಎಂಟು ವಾರದಲ್ಲಿ ತಾನಾಗಿಯೇ ಇಂಗುತ್ತದೆ; ಸೂಜಿಯಿಂದ ತೆಗೆಸಲು ಅವಸರ ಮಾಡಿದರೆ ಹೊರಗಿನ ಸೋಂಕು ಒಳಗಿನ ಜಾಲರಿಗೆ ತಲುಪುವ ಭಯವಿದೆ. ಬೀಜದ ಚೀಲ ನೀಲಿಗಟ್ಟುವುದೂ ಮೊದಲ ವಾರದಲ್ಲಿ ಸಾಮಾನ್ಯ. ಜ್ವರ, ಗಾಯದಿಂದ ಕೀವು, ನಿಲ್ಲದ ವಾಂತಿ, ಹೊಟ್ಟೆ ಉಬ್ಬರ, ಮೂತ್ರ ಕಟ್ಟುವುದು ಇವುಗಳಲ್ಲಿ ಯಾವುದಾದರೂ ಕಂಡರೆ ರಾತ್ರಿಯಾದರೂ ಬನ್ನಿ.

ಹೊರಗಿನ ಗಾಯಕ್ಕೂ ಅಂಟು ಹಾಕಿದ್ದಾರೆ. ಸ್ನಾನ ಮಾಡಬಹುದೇ?

ಮಾಡಬಹುದು, ಉಜ್ಜದೆ ನೀರು ಹಾಕಿಕೊಂಡು ಮೆತ್ತಗೆ ಒತ್ತಿ ಒರೆಸಿ. ಆ ಪೊರೆ ಐದರಿಂದ ಹತ್ತು ದಿನದಲ್ಲಿ ತಾನೇ ಉದುರುತ್ತದೆ, ಕೀಳಬೇಡಿ. ತೆಂಗಿನೆಣ್ಣೆ, ಮುಲಾಮು, ವ್ಯಾಸಲಿನ್ ಹಚ್ಚಿದರೆ ಜಿಡ್ಡಿಗೆ ಪೊರೆ ಬೇಗ ಸಡಿಲವಾಗುವುದರಿಂದ ಎಣ್ಣೆ ನೀರಿನ ಅಭ್ಯಂಜನವನ್ನು ಎರಡು ವಾರ ಮುಂದೂಡಿ. ಹಲಸಿನ ಮೇಣಕ್ಕೆ ಎಣ್ಣೆ ಹಚ್ಚುವ ಉಪಾಯ ಇಲ್ಲಿ ತಿರುಗುಬಾಣವಾಗುತ್ತದೆ.

ತೊಂದರೆ ಇಲ್ಲದಿದ್ದರೆ ಆಪರೇಷನ್ನನ್ನೇ ಮುಂದೂಡಬಹುದಲ್ಲವೇ?

ನೋವಿಲ್ಲದ, ಸುಲಭವಾಗಿ ಒಳಹೋಗುವ ಹರ್ನಿಯಾ ಇರುವ ಗಂಡಸರು ವೈದ್ಯರ ಕಣ್ಗಾವಲಿನಲ್ಲಿ ಕಾಯಬಹುದು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ಕಾದವರಲ್ಲಿ ಕರುಳು ಸಿಕ್ಕಿಕೊಂಡ ತುರ್ತು ಪ್ರಸಂಗ ವರ್ಷಕ್ಕೆ ಸಾವಿರಕ್ಕೆ ಎರಡಕ್ಕಿಂತ ಕಡಿಮೆ ಇತ್ತು. ಆದರೆ ಹತ್ತು ವರ್ಷ ಮುಗಿಯುವಷ್ಟರಲ್ಲಿ ಅವರಲ್ಲಿ ಸುಮಾರು ಶೇ 68 ಮಂದಿ, ಹೆಚ್ಚಾಗಿ ನೋವಿನ ಕಾರಣಕ್ಕೆ, ಆಪರೇಷನ್ನಿಗೆ ಬಂದೇ ಬಂದರು. ಬೆಲ್ಟ್ ಕಟ್ಟಿಕೊಳ್ಳುವುದು ವಾಸಿ ಮಾಡುವ ಉಪಾಯವಲ್ಲ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ ಒತ್ತಿ ಒತ್ತಿ ನೋಡುತ್ತ ಕೂರದೆ, ಏನೂ ತಿನ್ನದೆ, ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಹೆಂಗಸರಿಗೆ ಕಾಯುವ ಸಲಹೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಮುಂದೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ?

ಪಾಲಿಪ್ರೊಪಿಲೀನ್ ಜಾಲರಿಗೂ ಅಂಟಿಗೂ ಅಯಸ್ಕಾಂತದ ಸೆಳೆತವಿಲ್ಲ. ಟೈಟಾನಿಯಂ ಮೊಳೆ ಇದ್ದರೂ ಸಾಮಾನ್ಯವಾಗಿ ತಡೆಯಿಲ್ಲ, ಆದರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಬೇಕು. ಯಾವ ಜಾಲರಿ, ಯಾವ ಅಂಟು, ಯಾವ ದಿನ ಎಂಬುದು ಬಿಡುಗಡೆ ಪತ್ರದಲ್ಲಿರುತ್ತದೆ, ಪೊಟ್ಟಣದ ಮೇಲಿನ ಚೀಟಿಯನ್ನೂ ಅದಕ್ಕೆ ಅಂಟಿಸಿಕೊಡಿ ಎಂದು ಕೇಳಬಹುದು. ಒಂದೇ ಮಳೆಗಾಲಕ್ಕೆ ಕಾಗದಕ್ಕೆ ಬೂಸು ಹಿಡಿಯುವ ಜಿಲ್ಲೆ ನಮ್ಮದು. ಅದರ ಫೋಟೊವನ್ನು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.